ಉಸಿರು, ಶುಗರ್, ಥೈರಾಯ್ಡ್: ಪಕ್ಕ ಕೂತು ನೋಡಿಕೊಳ್ಳುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರೋಗಿಗಳದ್ದಲ್ಲ, ರೋಗಿಯ ಪಕ್ಕ ಕೂತವರದು. ದಮ್ಮು, ಶುಗರ್ ಎರಡೂ ಒಂದೇ ದೇಹದಲ್ಲಿ ಇರುವವರು ಈಗ ಮನೆಮನೆಯಲ್ಲೂ ಇದ್ದಾರೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ಕೆದಕುತ್ತದೆ, ಒಂದರ ಲಕ್ಷಣ ಇನ್ನೊಂದರ ವೇಷ ಹಾಕಿಕೊಂಡು ಬರುತ್ತದೆ. ಹಾಗಾಗಿ ಎರಡನ್ನೂ ಸೇರಿಸಿಯೇ ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಅವ್ವನಿಗೆ 68 ವರ್ಷ. ನಲವತ್ತು ವರ್ಷ ಸೌದೆ ಒಲೆ ಊದಿದವಳು. ಸಿಒಪಿಡಿ (ಉಸಿರುದಾರಿ ಕಿರಿದಾಗುವ ಶ್ವಾಸಕೋಶದ ಹಳೆಯ ಕಾಯಿಲೆ) ಅಂದರು. ಮನೆಗೆ ಕಳಿಸುವಾಗ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ) ನಿಮಿಷಕ್ಕೆ 1.5 ಲೀಟರ್‌ಗೆ ಇಡಿ ಎಂದಿದ್ದರು. ಆಕ್ಸಿಮೀಟರ್ 89, 90 ತೋರಿಸುತ್ತಿತ್ತು. ಕೊರೊನಾ ಸಮಯದಲ್ಲಿ 94ಕ್ಕಿಂತ ಇಳಿದರೆ ಅಪಾಯ ಅಂತಿದ್ದರಲ್ಲ, ಅದಕ್ಕೇ 4ಕ್ಕೆ ಏರಿಸಿದೆ, 97 ಬಂತು. ಈಗ ಬೆಳಗ್ಗೆ ಎದ್ದರೆ ತಲೆನೋವು ಅಂತಾಳೆ, ಹಗಲೂ ತೂಕಡಿಸುತ್ತಾಳೆ. (ಹಾವೇರಿ)

ಉತ್ತರ: ಮೊದಲು ಯಂತ್ರವನ್ನು 1.5ಕ್ಕೆ ಇಳಿಸಿ. ಮೂಗಿನ ನಳಿಕೆಯನ್ನು ಮಾತ್ರ ಕಿತ್ತು ಹಾಕಬೇಡಿ. ಒಮ್ಮೆಲೇ ನಿಲ್ಲಿಸಿದರೆ ರಕ್ತದ ಆಕ್ಸಿಜನ್ ಮೊದಲಿದ್ದುದಕ್ಕಿಂತಲೂ ಕೆಳಗೆ ಬೀಳುತ್ತದೆ. ಅವ್ವನನ್ನು ಕರೆದಾಗ ಸರಿಯಾಗಿ ಎಚ್ಚರವಾಗದಿದ್ದರೆ, ಮಾತು ತಡವರಿಸಿದರೆ, ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯಲು ಹೇಳಿದಾಗ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ಅಷ್ಟಿಲ್ಲದಿದ್ದರೂ ಇವತ್ತೇ ವೈದ್ಯರಿಗೆ ತಿಳಿಸಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಎಬಿಜಿ ಎಂಬ ರಕ್ತಪರೀಕ್ಷೆಯಲ್ಲಿ ನೋಡಬೇಕಾಗಬಹುದು.

94ರ ಲೆಕ್ಕ ಕೊರೊನಾಕ್ಕೆ ಸರಿ ಇತ್ತು, ಅವ್ವನಿಗಲ್ಲ. ಹಳೆಯ ಸಿಒಪಿಡಿ ಇದ್ದು ಕಾರ್ಬನ್ ಡೈಆಕ್ಸೈಡ್ ಕಟ್ಟಿಕೊಳ್ಳುವ ಸ್ವಭಾವದ ಶ್ವಾಸಕೋಶಕ್ಕೆ 88ರಿಂದ 92ರ ನಡುವೆ ಇದ್ದರೆ ಸಾಕು. ಕೆಟ್ಟ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಹೋಗದ ಭಾಗಗಳಿಗೆ ದೇಹವೇ ರಕ್ತದ ಹರಿವನ್ನು ಕಡಿಮೆ ಮಾಡಿಕೊಂಡಿರುತ್ತದೆ. ಆಕ್ಸಿಜನ್ ಅತಿಯಾದಾಗ ಆ ಏರ್ಪಾಡು ಕೆಡುತ್ತದೆ. ರಕ್ತ ಹೊತ್ತು ತರುತ್ತಿದ್ದ ಕಾರ್ಬನ್ ಡೈಆಕ್ಸೈಡ್ ಕಳಚಿಕೊಳ್ಳುತ್ತದೆ, ಉಸಿರಿನ ಒತ್ತಾಯವೂ ಸ್ವಲ್ಪ ಸಡಿಲವಾಗುತ್ತದೆ. ಬೆಳಗಿನ ತಲೆನೋವು, ತೂಕಡಿಕೆ, ಬೆಚ್ಚಗೆ ಕೆಂಪಾದ ಅಂಗೈ ಹೀಗೆ ಬರುವಂಥವು. ಇದರಲ್ಲಿ ಮೋಸ ಮಾಡುವುದು ಆಕ್ಸಿಮೀಟರ್. ಅದು ಆಕ್ಸಿಜನ್ನನ್ನಷ್ಟೇ ಅಳೆಯುತ್ತದೆ. 97 ನೋಡಿ ಮನೆಯವರು ಸಮಾಧಾನಪಡುತ್ತಿರುವಾಗಲೇ ರೋಗಿ ಮಂಪರಿಗೆ ಜಾರಬಹುದು.

"ಗುರಿ 88–92, 1.5 ಲೀಟರ್" ಎಂದು ದಪ್ಪ ಅಕ್ಷರದಲ್ಲಿ ಬರೆದು ಯಂತ್ರದ ಮೇಲೊಂದು, ಅವ್ವನ ಫೈಲಿನ ಮೇಲೊಂದು ಅಂಟಿಸಿ. ಆಂಬುಲೆನ್ಸ್‌ನವರಿಗೂ ಅದನ್ನೇ ತೋರಿಸಿ. ಅವಸರದಲ್ಲಿ 10 ಲೀಟರ್ ಮಾಸ್ಕ್ ಹಾಕುವುದು ಅಪರೂಪವೇನಲ್ಲ.

ಯಂತ್ರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅಳತೆ ಕೊಳವೆಯಲ್ಲಿ ಗುಂಡಿನ ನಡುಭಾಗ 1.5ರ ಗೆರೆಗೆ ಬರಬೇಕು, ಗುಂಡಿನ ತಲೆಯಲ್ಲ. ಕೊಳವೆಯನ್ನು ಕಣ್ಣಿನ ಮಟ್ಟದಲ್ಲಿಟ್ಟು ನೋಡಿ. ಗೋಡೆಯಿಂದ, ಪರದೆಯಿಂದ ಒಂದು ಅಡಿ ದೂರವಿರಲಿ. ಹಿಂಬದಿಯ ಸ್ಪಂಜಿನ ಫಿಲ್ಟರ್ ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿದ ಮೇಲೆ ಹಾಕಿ. ಗಾಳಿ ಬರುತ್ತಿದೆಯೋ ಎಂಬ ಅನುಮಾನ ಬಂದರೆ ನಳಿಕೆಯ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ, ಗುಳ್ಳೆ ಏಳಬೇಕು. ಆಮೇಲೆ ಒರೆಸಿ ಹಾಕಿ.

ಕರೆಂಟ್ ಹೋದರೆ? 5 ಲೀಟರ್ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ಮನೆಯ ಇನ್ವರ್ಟರ್ ತಾಳಿದರೂ ಕೆಲವೇ ಗಂಟೆ. ಒಂದು ಬಿ ಟೈಪ್ ಸಿಲಿಂಡರ್ ತುಂಬಿಸಿಟ್ಟಿರಿ. ಅದರಲ್ಲಿ 1,500 ಲೀಟರ್ ಇರುತ್ತದೆ, ಅಂದರೆ ನಿಮಿಷಕ್ಕೆ 1.5ರಂತೆ ಲೆಕ್ಕಕ್ಕೆ 16 ಗಂಟೆ. ರೆಗ್ಯುಲೇಟರ್‌ಗೆ, ತಿರುಪಿಗೆ ಎಣ್ಣೆ ಕೈ ತಾಗಬಾರದು. ಮೂಗು ಒಣಗಿತೆಂದು ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರಬೇಡಿ, ನೀರಿನ ಆಧಾರದ ಜೆಲ್ ಸಿಗುತ್ತದೆ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಬೀಡಿ ಎಲ್ಲ ಹತ್ತು ಅಡಿ ಆಚೆ ಇರಲಿ. ಹಾಸಿಗೆ, ಸೀರೆಯ ಸೆರಗು ಆಕ್ಸಿಜನ್ ಹೀರಿಕೊಂಡಿರುತ್ತವೆ, ಒಂದು ಕಿಡಿ ಸಾಕು.

ದಿನಕ್ಕೆ ಕನಿಷ್ಠ 15 ಗಂಟೆ ಹಾಕಬೇಕು, ಅದರಲ್ಲಿ ರಾತ್ರಿಯ ನಿದ್ದೆಯೂ ಸೇರಬೇಕು. ದಮ್ಮು ಬಂದಾಗ ಐದು ನಿಮಿಷ ಹಾಕಿ ತೆಗೆಯುವುದರಿಂದ ಹೃದಯದ ಬಲಭಾಗಕ್ಕೆ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ.

ಪ್ರಶ್ನೆ: ಆಕ್ಸಿಜನ್ ಯಂತ್ರದ ನೀರಿನ ಬಾಟಲಿಗೆ ಬೋರ್‌ವೆಲ್ ನೀರು ಹಾಕಬಹುದೇ? ಬಿಳಿ ಪದರ ಕಟ್ಟುತ್ತಿದೆ. (ಚಿತ್ರದುರ್ಗ)

ಉತ್ತರ: ಬೇಡ. ಡಿಸ್ಟಿಲ್ಡ್ ನೀರು ಹಾಕಿ. ಸಿಗದಿದ್ದರೆ ಕುದಿಸಿ ಆರಿಸಿದ ನೀರು, ಎರಡು ಗೆರೆಗಳ ನಡುವೆ ಬರುವಷ್ಟು. ಉಳಿದ ನೀರಿನ ಮೇಲೆ ಹೊಸದನ್ನು ಸುರಿಯದೆ ದಿನಾ ಚೆಲ್ಲಿ, ತೊಳೆದು ತುಂಬಿ. ನಿಂತ ನೀರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ನೇರ ಎದೆಗೇ ಹೋಗುತ್ತದೆ. ನಿಮಿಷಕ್ಕೆ 4 ಲೀಟರ್‌ಗಿಂತ ಕಡಿಮೆ ಇದ್ದು ಮೂಗು ಒಣಗದಿದ್ದರೆ ಎಷ್ಟೋ ರೋಗಿಗಳಿಗೆ ಈ ಬಾಟಲಿಯ ಅಗತ್ಯವೇ ಇರುವುದಿಲ್ಲ, ವೈದ್ಯರನ್ನು ಕೇಳಿ ನೋಡಿ.

ಪ್ರಶ್ನೆ: ಯಜಮಾನರಿಗೆ ಅಸ್ತಮಾ, ಜೊತೆಗೆ ಶುಗರ್. ಹದಿನೈದು ದಿನದಿಂದ ಬೆಳಗ್ಗೆ ಪ್ರೆಡ್ನಿಸೊಲೋನ್ ಮಾತ್ರೆ ನಡೆದಿದೆ. ಖಾಲಿ ಹೊಟ್ಟೆಯಲ್ಲಿ 112, ಸಂಜೆ ನೋಡಿದರೆ 330. ಗ್ಲುಕೋಮೀಟರ್ ಕೆಟ್ಟಿರಬಹುದೇ? ಮಾತ್ರೆಯನ್ನೇ ನಿಲ್ಲಿಸಿಬಿಡಲೇ? (ತುಮಕೂರು)

ಉತ್ತರ: ಮೀಟರ್ ಸರಿ ಇದೆ. ಬೆಳಗ್ಗೆ ತಿಂಡಿಯ ಜೊತೆ ತೆಗೆದುಕೊಂಡ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುಗರನ್ನು ಮಧ್ಯಾಹ್ನದಿಂದ ರಾತ್ರಿ ಊಟದವರೆಗೆ ಎತ್ತುತ್ತದೆ, ಬೆಳಗಿನ ಜಾವಕ್ಕೆ ಇಳಿಸಿ ಬಿಡುತ್ತದೆ. ಹಾಗಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಬರೀ ಖಾಲಿ ಹೊಟ್ಟೆಯ ಅಂಕಿ ನೋಡಿ "ಶುಗರ್ ಕಂಟ್ರೋಲ್‌ನಲ್ಲಿದೆ" ಎನ್ನುವುದು ನಮ್ಮಲ್ಲಿ ಪದೇ ಪದೇ ಆಗುವ ತಪ್ಪು. ಮಧ್ಯಾಹ್ನ ಊಟವಾಗಿ ಎರಡು ಗಂಟೆಯ ಮೇಲೆ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ ನೋಡಿ. ಪಕ್ಕದಲ್ಲಿ ಅವತ್ತು ಎಷ್ಟು ಮಿಲಿಗ್ರಾಂ ಮಾತ್ರೆ, ಎಷ್ಟು ಗಂಟೆಗೆ ಎಂಬುದನ್ನೂ ಬರೆಯಿರಿ. ವೇಳೆ ಬರೆಯದ ಶುಗರ್ ಅಂಕಿಯಿಂದ ವೈದ್ಯರಿಗೆ ಏನೂ ಉಪಯೋಗವಿಲ್ಲ.

ಇದಕ್ಕೆ ವೈದ್ಯರು ಸಾಮಾನ್ಯವಾಗಿ ಬೆಳಗ್ಗೆ ಸ್ಟೀರಾಯ್ಡ್ ಜೊತೆಗೇ ಮಧ್ಯಮ ಅವಧಿಯ ಇನ್ಸುಲಿನ್ ಸೇರಿಸುತ್ತಾರೆ, ಎರಡರ ಏರಿಳಿತ ಹೆಚ್ಚುಕಡಿಮೆ ಹೊಂದುತ್ತದೆ. ಸಂಜೆ 330 ಕಂಡಿತೆಂದು ನೀವೇ ರಾತ್ರಿಯ ಇನ್ಸುಲಿನ್ ಏರಿಸಿದರೆ ಬೆಳಗಿನ ಜಾವ ಮೂರಕ್ಕೆ ಬೆವೆತು ನಡುಗುತ್ತಾ ಏಳುತ್ತಾರೆ. ಪ್ರೆಡ್ನಿಸೊಲೋನ್ ಇಳಿಸಿದ ದಿನ ಇನ್ಸುಲಿನ್ ಕೂಡ ಇಳಿಸಬೇಕಲ್ಲವೇ ಎಂದು ನೀವಾಗಿಯೇ ಕೇಳಿ. ಎದೆರೋಗದ ವೈದ್ಯರು ಒಬ್ಬರು, ಶುಗರ್ ವೈದ್ಯರು ಇನ್ನೊಬ್ಬರು ಇದ್ದಲ್ಲಿ ಈ ಮಾತು ನಡುವೆ ಬಿದ್ದುಹೋಗುತ್ತದೆ.

ಮಾತ್ರೆ ನಿಲ್ಲಿಸುವ ವಿಷಯ. ಐದರಿಂದ ಏಳು ದಿನದ ಚಿಕ್ಕ ಕೋರ್ಸ್ ಆದರೆ ಹೇಳಿದ ದಿನಕ್ಕೆ ನೇರ ನಿಲ್ಲಿಸುವುದುಂಟು. ಮೂರು ವಾರ ದಾಟಿದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ತಯಾರಿಕೆ ಮರೆತು ಕೂತಿರುತ್ತದೆ. ಆಗ ದಿಢೀರ್ ನಿಲ್ಲಿಸಿದರೆ ವಾಂತಿ, ಹೊಟ್ಟೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ, ಬಿಪಿ ಕುಸಿತ, ಕೆಲವೊಮ್ಮೆ ಶುಗರೂ ಕುಸಿಯುತ್ತದೆ. ನಿಮ್ಮವರದು ಹದಿನೈದು ದಿನವಾಗಿದೆ, ನೀವಾಗಿ ನಿಲ್ಲಿಸದೆ ವೈದ್ಯರಿಗೆ ಫೋನ್ ಮಾಡಿ. "ದಮ್ಮಿಗೆ ರಾಮಬಾಣ" ಎಂದು ಚೀಟಿಯಿಲ್ಲದ ಪೊಟ್ಟಣದಲ್ಲಿ ಸಿಗುವ ಪುಡಿ ನುಂಗುತ್ತಿದ್ದರೆ ಅದನ್ನೂ ಹೇಳಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು.

ಇನ್ನೊಂದು ಎಚ್ಚರ: 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹೆಚ್ಚಾಗಿ ಹಿಡಿದದ್ದು ಸ್ಟೀರಾಯ್ಡ್ ನಡೆದಿದ್ದ, ಶುಗರ್ ಮಿತಿಮೀರಿದ್ದ ಜನರನ್ನೇ. ಒಂದೇ ಬದಿಯ ಕೆನ್ನೆ ಮರಗಟ್ಟುವುದು, ಕಣ್ಣು ಊದಿಕೊಳ್ಳುವುದು, ಮೂಗಿನಿಂದ ಕಪ್ಪು ಅಥವಾ ರಕ್ತ ಬೆರೆತ ಸಿಂಬಳ ಕಂಡರೆ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರಲ್ಲಿಗೆ ಹೋಗಿ.

ಪ್ರಶ್ನೆ: ಅಪ್ಪನಿಗೆ ಬೆಳಗ್ಗೆ 20 ಯೂನಿಟ್ ಇನ್ಸುಲಿನ್. ಮೊನ್ನೆ ಮೆಡಿಕಲ್ ಶಾಪಿನಲ್ಲಿ ಕೆಂಪು ಟೋಪಿಯ ಸಿರಿಂಜ್ ಇಲ್ಲವೆಂದು ಕಿತ್ತಳೆ ಟೋಪಿಯದು ಕೊಟ್ಟರು. ಬಾಟಲಿ ಹಳೆಯದೇ. ಅಂದಿನಿಂದ ಶುಗರ್ 300 ಇಳಿಯುತ್ತಿಲ್ಲ. ಡೋಸ್ ಏರಿಸಬೇಕೇ? (ರಾಯಚೂರು)

ಉತ್ತರ: ಡೋಸ್ ಅಲ್ಲ, ಸಿರಿಂಜ್ ಬದಲಿಸಿ. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿಗಳು ಬಹುಪಾಲು ಮಿಲಿಲೀಟರ್‌ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ಗಳು 100 ಯೂನಿಟ್. ಕೆಂಪು ಟೋಪಿಯ ಸಿರಿಂಜ್ 40ರ ಬಾಟಲಿಗೆ, ಕಿತ್ತಳೆಯದು 100ರದಕ್ಕೆ. ನೀವು ಕಿತ್ತಳೆ ಸಿರಿಂಜಿನ 20ರ ಗೆರೆಗೆ ಎಳೆದಾಗ ಒಳಗೆ ಬಂದದ್ದು 0.2 ಮಿಲಿ, ಅಂದರೆ 40ರ ಬಾಟಲಿಯಿಂದ ಬರೀ 8 ಯೂನಿಟ್. ಅಪ್ಪನಿಗೆ ಅರ್ಧವೂ ಸೇರುತ್ತಿಲ್ಲ.

ಇದಕ್ಕಿಂತ ಭಯಂಕರವಾದದ್ದು ಉಲ್ಟಾ ಆಗುವುದು. ಪೆನ್ ಕೆಟ್ಟಿತೆಂದು 100ರ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ, ಎರಡೂವರೆ ಪಟ್ಟು. ಈಗ ನೀವು ಡೋಸ್ ಏರಿಸಿ, ಮುಂದಿನ ವಾರ ಯಾರೋ ಕೆಂಪು ಸಿರಿಂಜ್ ತಂದರೂ ಅದೇ ಗತಿ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು. ಟೋಪಿಯ ಬಣ್ಣ ನೆನಪಿಗೆ ಸಹಾಯ ಅಷ್ಟೇ, ಅಂಕಿಯನ್ನೇ ಓದಿ.

ಸಿರಿಂಜ್ ಸರಿಯಾದ ಮೇಲೂ ಶುಗರ್ ಇಳಿಯದಿದ್ದರೆ ಚುಚ್ಚುವ ಜಾಗ ಮುಟ್ಟಿ ನೋಡಿ. ಹೊಕ್ಕುಳ ಪಕ್ಕ ಒಂದೇ ಕಡೆ ಚುಚ್ಚಿ ಚುಚ್ಚಿ ಮೆತ್ತನೆಯ ಗಂಟು ಕಟ್ಟಿರುತ್ತದೆ. ಅಲ್ಲಿ ನೋವಾಗುವುದಿಲ್ಲವೆಂದು ರೋಗಿಗೂ ಅದೇ ಜಾಗ ಇಷ್ಟ, ಆದರೆ ಗಂಟಿನಿಂದ ಇನ್ಸುಲಿನ್ ಒಂದು ದಿನ ಹೀರಿಕೊಳ್ಳುತ್ತದೆ, ಇನ್ನೊಂದು ದಿನ ಇಲ್ಲ. ಹೊಕ್ಕುಳದಿಂದ ಎರಡು ಬೆರಳಾಚೆ, ಪ್ರತಿಸಲ ಹಿಂದಿನ ಜಾಗದಿಂದ ಒಂದು ಬೆರಳಿನಷ್ಟು ಸರಿದು ಚುಚ್ಚಿ. ಹಾಲಿನಂಥ ಮಬ್ಬು ಇನ್ಸುಲಿನ್ ಆದರೆ ಮೊದಲು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ತಲೆಕೆಳಗು ಮಾಡಿ. ಕುಲುಕಬೇಡಿ.

ನಿಮ್ಮ ಊರಿನ ಬೇಸಿಗೆಗೆ ಒಂದು ಮಾತು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್‌ಗೆ ತಾಗುವಂತೆ ಬೇಡ. ಹೆಪ್ಪುಗಟ್ಟಿದ್ದು ಕರಗಿದರೂ ಎಸೆಯುವುದೇ. ಬಳಕೆಯಲ್ಲಿರುವ ಬಾಟಲಿಗೆ ತೆರೆದ ದಿನಾಂಕ ಬರೆಯಿರಿ, ನಾಲ್ಕು ವಾರದ ಮೇಲೆ ಬೇಡ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮರಳಿನ ಮೇಲೆ ಇಟ್ಟ ಚಿಕ್ಕ ಮಣ್ಣಿನ ಮಡಕೆ, ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿ: ಹೊರಗಿನ ಸೆಕೆಗಿಂತ ಮಡಕೆಯೊಳಗೆ ಎಷ್ಟೋ ತಂಪು.

ಪ್ರಶ್ನೆ: ಅತ್ತೆಯವರಿಗೆ ಶುಗರ್ 58 ಆಗಿ ಬೆವರಿದರು. ಸಕ್ಕರೆ ನೀರು ಕುಡಿಸಿದರೂ ಅರ್ಧ ಗಂಟೆ 62ರಲ್ಲೇ ಇತ್ತು. ಮಾತ್ರೆಯ ಮೇಲೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಎಂದಿದೆ. (ಉಡುಪಿ)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ: ವೋಗ್ಲಿಬೋಸ್. ಅಡುಗೆಮನೆಯ ಸಕ್ಕರೆಯನ್ನು ಕರುಳು ಒಡೆದು ಗ್ಲೂಕೋಸ್ ಮಾಡಿಕೊಂಡ ಮೇಲಷ್ಟೇ ಅದು ರಕ್ತಕ್ಕೆ ಸೇರುವುದು. ಆ ಒಡೆಯುವ ಕೆಲಸವನ್ನೇ ಈ ಮದ್ದು ತಡೆಯುತ್ತದೆ. ಅನ್ನ, ಬಿಸ್ಕತ್ತು, ಬೆಲ್ಲವೂ ಹಾಗೇ ನಿಧಾನ. ಇಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬಿಯೇ ಇರಬೇಕು. 3 ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ. ದಾಟಿದ ಮೇಲೆ ಊಟ ಕೊಡಿ. ಚಾಕೊಲೇಟ್, ಐಸ್‌ಕ್ರೀಮ್ ಯಾರಿಗೂ ತುರ್ತಿಗೆ ಒಳ್ಳೆಯದಲ್ಲ, ಅವುಗಳ ಕೊಬ್ಬು ಸಕ್ಕರೆ ಸೇರುವುದನ್ನು ತಡಮಾಡುತ್ತದೆ.

ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ 108. ಎಚ್ಚರಾದರೂ ಕೆಲಸ ಮುಗಿಯಲಿಲ್ಲ. ಗ್ಲಿಮೆಪಿರೈಡ್ ಹೆಚ್ಚುಕಡಿಮೆ ಒಂದು ದಿನ ಕೆಲಸ ಮಾಡುವ ಮದ್ದು. ವಯಸ್ಸಾದವರಲ್ಲಿ, ಕಿಡ್ನಿ ಕುಂದಿದವರಲ್ಲಿ ಇನ್ನೂ ಎಳೆಯುತ್ತದೆ. ಬೆಳಗ್ಗೆ ಸರಿಹೋದ ಶುಗರ್ ರಾತ್ರಿ ಮತ್ತೆ ಬೀಳಬಹುದು. ಅತ್ತೆಯವರು ಅವತ್ತು ಊಟ ಬಿಟ್ಟಿದ್ದರೇ ನೋಡಿ. ಏಕಾದಶಿ ಉಪವಾಸದ ದಿನ ಈ ಮಾತ್ರೆಯ ಕಥೆ ಏನೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಮಗಳಿಗೆ 11 ವರ್ಷ, ಟೈಪ್ 1 ಡಯಾಬಿಟಿಸ್. ಜ್ವರ, ವಾಂತಿ ಇದ್ದು ಊಟ ಮಾಡದ್ದರಿಂದ ಒಂದು ದಿನ ಇನ್ಸುಲಿನ್ ಕೊಡಲಿಲ್ಲ. ರಾತ್ರಿ ಏದುಸಿರು ಶುರುವಾಯಿತು. ಉಬ್ಬಸ ಎಂದುಕೊಂಡು ಎರಡು ಸಲ ನೆಬುಲೈಸರ್ ಇಟ್ಟೆವು, ಕಡಿಮೆಯಾಗಲಿಲ್ಲ. ಕೊನೆಗೆ ಐಸಿಯು ಸೇರಿಸಬೇಕಾಯಿತು, ಈಗ ಮನೆಗೆ ಬಂದಿದ್ದಾಳೆ. ಇನ್ನೊಮ್ಮೆ ಹೀಗಾದರೆ ಗುರುತಿಸುವುದು ಹೇಗೆ? (ಮೈಸೂರು)

ಉತ್ತರ: ಅದು ಎದೆಯ ಏದುಸಿರಲ್ಲ, ರಕ್ತ ಹುಳಿಯಾದದ್ದರ ಏದುಸಿರು. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬು ಸುಟ್ಟು ಕೀಟೋನ್ ಎಂಬ ಆಮ್ಲ ಮಾಡಿಕೊಳ್ಳುತ್ತದೆ, ಅದನ್ನು ತಗ್ಗಿಸಲು ಶ್ವಾಸಕೋಶ ಓಡೋಡಿ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತದೆ. ಇದನ್ನು ಡಿಕೆಎ ಎನ್ನುತ್ತಾರೆ. ಉಬ್ಬಸದಲ್ಲಿ ಉಸಿರು ಹೊರಗೆ ಬಿಡಲು ಕಷ್ಟ, ಸಿಳ್ಳೆ ಸದ್ದು ಕೇಳುತ್ತದೆ, ಜೋರಾದರೆ ಆಕ್ಸಿಮೀಟರ್ ಇಳಿಯುತ್ತದೆ. ಡಿಕೆಎಯಲ್ಲಿ ಉಸಿರು ಆಳ, ಒಂದೇ ಲಯ, ಸಿಳ್ಳೆ ಇಲ್ಲ, ಆಕ್ಸಿಮೀಟರ್ 98–99ರಲ್ಲೇ ನಿಂತಿರಬಹುದು. ಬಾಯಿಂದ ಅತಿಯಾಗಿ ಮಾಗಿದ ಹಣ್ಣಿನ ಅಥವಾ ಉಗುರುಬಣ್ಣ ತೆಗೆಯುವ ದ್ರವದ ವಾಸನೆ, ಜೊತೆಗೆ ಹೊಟ್ಟೆನೋವು, ಒಣಗಿದ ನಾಲಿಗೆ. ಶುಗರ್ ಇರುವ ಮಗು ಏದುಸಿರು ಬಿಟ್ಟರೆ ನೆಬುಲೈಸರ್‌ಗೆ ಕೈ ಹಾಕುವ ಮುಂಚೆ ಬೆರಳು ಚುಚ್ಚಿ ನೋಡುವುದು ರೂಢಿಯಾಗಲಿ. ನೆಬುಲೈಸರ್‌ಗೆ ಹಾಕುವ ಸಾಲ್ಬುಟಮಾಲ್ ಮದ್ದು ಶುಗರನ್ನು ಇನ್ನಷ್ಟು ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಡಿಕೆಎಗೆ ಎರಡೂ ಕೇಡು.

ಮಗು ಊಟ ಮಾಡದಿದ್ದರೂ ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸಬಾರದು. ಜ್ವರವಿದ್ದಾಗ ಬೇಕಾಗುವ ಇನ್ಸುಲಿನ್ ಎಷ್ಟೋ ಸಲ ಹೆಚ್ಚೇ. ಊಟದ ಇನ್ಸುಲಿನ್ ಎಷ್ಟು ಎಂಬುದನ್ನು ಮಾತ್ರ ವೈದ್ಯರನ್ನು ಕೇಳಿ ಹೊಂದಿಸಿ. ಕಾಯಿಲೆಯ ದಿನಗಳಲ್ಲಿ 3–4 ಗಂಟೆಗೊಮ್ಮೆ ಶುಗರ್ ನೋಡಿ, 250 ದಾಟಿದರೆ ಅಥವಾ ವಾಂತಿಯಿದ್ದರೆ ಮೂತ್ರದ ಕೀಟೋನ್ ಪಟ್ಟಿ ಅದ್ದಿ. ಡಬ್ಬಿ ತೆರೆದ ಮೇಲೆ ಪಟ್ಟಿಗಳು ಬೇಗ ಹಾಳಾಗುತ್ತವೆ, ಮುಚ್ಚಳ ಬಿಗಿಯಾಗಿರಲಿ. ಕೀಟೋನ್ ಜಾಸ್ತಿ ಇದ್ದು ವಾಂತಿ ನಿಲ್ಲದಿದ್ದರೆ, ಏದುಸಿರಿದ್ದರೆ ಮನೆಯಲ್ಲಿ ಇನ್ನೊಂದು ಡೋಸ್ ಕೊಟ್ಟು ಕಾಯುವುದು ಬೇಡ. ಆಸ್ಪತ್ರೆಯಲ್ಲಿ ಮೊದಲು ಡ್ರಿಪ್, ಆಮೇಲೆ ಅಳೆದು ತೂಗಿ ಇನ್ಸುಲಿನ್, ಜೊತೆಗೆ ಪೊಟ್ಯಾಸಿಯಂ ಕೊಡುತ್ತಾರೆ. ಆ ಕ್ರಮ ಮನೆಯಲ್ಲಿ ಸಾಧ್ಯವಿಲ್ಲ.

ದೊಡ್ಡವರಿಗೊಂದು ಸೇರಿಕೆ: ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ನುಂಗುವವರಲ್ಲಿ ಶುಗರ್ 180 ಇದ್ದಾಗಲೂ ಡಿಕೆಎ ಬರಬಹುದು. ವಾಂತಿ, ಉಪವಾಸ, ಆಪರೇಷನ್ ಇದ್ದಾಗ ಈ ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿ.

ಪ್ರಶ್ನೆ: ಸರ್ಜರಿ ವಾರ್ಡಿಗೆ ಹೊಸದಾಗಿ ಸೇರಿದ ಸ್ಟಾಫ್ ನರ್ಸ್ ನಾನು. ಥೈರಾಯ್ಡ್ ಪೂರ್ತಿ ತೆಗೆದ ರೋಗಿಯ ಮೊದಲ ರಾತ್ರಿ ಏನನ್ನು ಬಿಡದೆ ನೋಡಬೇಕು? (ದಾವಣಗೆರೆ)

ಉತ್ತರ: ಕತ್ತು. ಒಳಗೆ ರಕ್ತ ಕಟ್ಟಿದರೆ ಉಸಿರುನಾಳದ ಸುತ್ತಲಿನ ಅಂಗಾಂಶ ಊದಿ ಕೆಲವೇ ನಿಮಿಷದಲ್ಲಿ ದಾರಿ ಮುಚ್ಚುತ್ತದೆ. ಹೆಚ್ಚಿನವು ಮೊದಲ 24 ಗಂಟೆಯೊಳಗೆ. ತಲೆಯ ಭಾಗ 30 ಡಿಗ್ರಿ ಎತ್ತಿಡಿ. ಡ್ರೆಸ್ಸಿಂಗ್ ಒಣಗಿದೆ ಎಂದು ಬರೆದು ಮುಂದೆ ಹೋಗಬೇಡಿ. ರಕ್ತ ಕೆಳಗಿಳಿದು ಕತ್ತಿನ ಹಿಂದೆ ದಿಂಬಿನ ಮೇಲೆ ಸೇರುತ್ತದೆ, ಕೈ ಹಾಕಿ ನೋಡಿ. ಡ್ರೇನ್ ಖಾಲಿ ಇದ್ದರೆ ರಕ್ತ ಹೆಪ್ಪುಗಟ್ಟಿ ಕೊಳವೆ ಕಟ್ಟಿರಲೂಬಹುದು. "ಕುತ್ತಿಗೆ ಬಿಗಿದ ಹಾಗಿದೆ", "ನುಂಗೋಕಾಗ್ತಿಲ್ಲ" ಎಂಬ ಮಾತು, ಕಾರಣವಿಲ್ಲದ ಚಡಪಡಿಕೆ, ಬದಲಾದ ದನಿ, ಉಸಿರೆಳೆದಾಗ ಕೀರಲು ಸದ್ದು, ಇವು ಮೊದಲು ಬರುತ್ತವೆ. ಸ್ಯಾಚುರೇಷನ್ ಇಳಿಯುವುದು ಕೊನೆಗೆ. 98 ಇದೆ ಎಂದು ಡಾಕ್ಟರನ್ನು ಕರೆಯಲು ತಡ ಮಾಡಬೇಡಿ.

ಹಾಸಿಗೆಯ ಪಕ್ಕದಲ್ಲೇ ಟ್ರೇ ಇರಬೇಕು: ಹೊಲಿಗೆ ಕತ್ತರಿ ಅಥವಾ ಕ್ಲಿಪ್ ತೆಗೆಯುವ ಸಾಧನ, ಆರ್ಟರಿ ಫೋರ್ಸೆಪ್ಸ್, ಸ್ಟೆರೈಲ್ ಗ್ಲೌಸ್, ಗಾಜ್. ಚರ್ಮ ಕ್ಲಿಪ್ಪಿನಲ್ಲಿ ಮುಚ್ಚಿದ್ದಾರೋ ಹೊಲಿಗೆಯಲ್ಲೋ ಎಂದು ಡ್ಯೂಟಿ ವಹಿಸಿಕೊಳ್ಳುವಾಗಲೇ ಕೇಳಿ. ಕತ್ತು ಊದಿ ಉಸಿರು ಕಟ್ಟಿದರೆ ಕೂರಿಸಿ, ಆಕ್ಸಿಜನ್ ಹಾಕಿ, ಸರ್ಜನ್ ಮತ್ತು ಅರಿವಳಿಕೆ ತಜ್ಞರನ್ನು ಒಟ್ಟಿಗೇ ಕರೆಯಿರಿ. ಗಾಯವನ್ನು ಹಾಸಿಗೆಯಲ್ಲೇ ಬಿಚ್ಚಬೇಕು: ಚರ್ಮದ ಹೊಲಿಗೆ, ಆಮೇಲೆ ಒಳಗಿನ ಸ್ನಾಯುವಿನ ಹೊಲಿಗೆ, ಹೆಪ್ಪು ತೆಗೆದು ಗಾಜ್ ಒತ್ತುವುದು. ಥಿಯೇಟರ್‌ಗೆ ಸಾಗಿಸುತ್ತಾ ಹೊತ್ತು ಕಳೆದರೆ ಜೀವ ಹೋಗುತ್ತದೆ. ಆ ಸ್ಥಿತಿಯಲ್ಲಿ ನರ್ಸ್ ಬಿಚ್ಚಬಹುದೇ ಎಂಬ ಲಿಖಿತ ಕ್ರಮ ನಿಮ್ಮ ವಾರ್ಡಿನಲ್ಲಿ ಇದೆಯೋ ಇಲ್ಲವೋ ಎಂದು ನಾಳೆಯೇ ಇನ್‌ಚಾರ್ಜ್ ಸಿಸ್ಟರನ್ನು ಕೇಳಿ. ರಾತ್ರಿ ಎರಡಕ್ಕೆ ಕೇಳುವ ಪ್ರಶ್ನೆಯಲ್ಲ ಅದು.

ಕ್ಯಾಲ್ಸಿಯಂ ಇಳಿಯುವುದು ಸಾಮಾನ್ಯವಾಗಿ 24ರಿಂದ 72 ಗಂಟೆಯಲ್ಲಿ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದನ್ನು ರೋಗಿ ತಾನಾಗಿ ಹೇಳದಿರಬಹುದು, ನೀವೇ ಕೇಳಿ. ಬಿಪಿ ಪಟ್ಟಿಯನ್ನು ಸಿಸ್ಟಾಲಿಕ್‌ಗಿಂತ 20 ಮೇಲೆ ಏರಿಸಿ 3 ನಿಮಿಷ ಹಿಡಿದಾಗ ಕೈ ಮಡಚಿ ಬೆರಳು ಕೂಡಿಕೊಂಡರೆ ಅದು ಟ್ರೂಸೋ ಚಿಹ್ನೆ, ಕ್ಯಾಲ್ಸಿಯಂ ಇಳಿದ ಗುರುತು. ಬರೆದುಕೊಟ್ಟ 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲಿಯನ್ನು ದುರ್ಬಲಗೊಳಿಸಿ ಕನಿಷ್ಠ 10 ನಿಮಿಷದಲ್ಲಿ, ಇಸಿಜಿ ಮಾನಿಟರ್ ನೋಡುತ್ತಾ ಕೊಡಬೇಕು. ನಾಡಿ ನಿಧಾನವಾದರೆ ನಿಲ್ಲಿಸಿ. ಐವಿ ಲೈನ್ ಸರಿಯಾಗಿ ಓಡುತ್ತಿದೆಯೇ ಮೊದಲು ನೋಡಿ, ಹೊರಗೆ ಸೋರಿದರೆ ಅಲ್ಲಿನ ಚರ್ಮವೇ ಸಾಯುತ್ತದೆ. ಅದೇ ಲೈನಿನಲ್ಲಿ ಸೆಫ್ಟ್ರಿಯಾಕ್ಸೋನ್, ಬೈಕಾರ್ಬೊನೇಟ್ ಓಡಿಸಬೇಡಿ, ಹರಳುಗಟ್ಟುತ್ತದೆ.

ಪ್ರಶ್ನೆ: ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ತೆಗೆದುಕೊಳ್ಳುತ್ತೇನೆ. ಡೋಸ್ ಏರಿಸುತ್ತಲೇ ಇದ್ದಾರೆ. (ಚಿಕ್ಕಮಗಳೂರು)

ಉತ್ತರ: ಕಾಫಿ ನಾಡಿನವರಿಗೆ ಇದು ಕಷ್ಟದ ಮಾತು, ಆದರೂ ಅರ್ಧದಿಂದ ಒಂದು ಗಂಟೆ ಕಾಯಿರಿ. ಹಾಲು ಹಾಕದ ಕಾಫಿಯೂ ಮಾತ್ರೆ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರ ಬೇಕು. ಕ್ರಮ ಬದಲಿಸಿದ್ದನ್ನು ವೈದ್ಯರಿಗೆ ಹೇಳಿ, 6–8 ವಾರ ಬಿಟ್ಟು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ನೋಡಿಸಿ. ಏರಿಸಿದ ಡೋಸ್ ಈಗ ಜಾಸ್ತಿಯಾಗಿ ಎದೆ ಡವಗುಟ್ಟಬಹುದು.

ಪ್ರಶ್ನೆ: ತಾತ ರೋಟಾಹೇಲರ್‌ನ (ದಮ್ಮಿನ ಪುಡಿ ಮದ್ದು ಬಾಯಿಂದ ಎಳೆಯುವ ಸಾಧನ) ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿಬಿಟ್ಟರು. ಅಪಾಯವೇ? (ಶಿರಸಿ)

ಉತ್ತರ: ಒಂದು ನುಂಗಿದ್ದಕ್ಕೆ ಸಾಧಾರಣವಾಗಿ ಏನೂ ಆಗುವುದಿಲ್ಲ, ದಮ್ಮು ಇಳಿಯುವುದೂ ಇಲ್ಲ. ಕ್ಯಾಪ್ಸೂಲನ್ನು ಸಾಧನದಲ್ಲಿಟ್ಟು, ತಿರುಗಿಸಿ ಒಡೆದು, ಮೊದಲು ಮುಖ ಆಚೆ ತಿರುಗಿಸಿ ಉಸಿರು ಪೂರ್ತಿ ಹೊರಗೆ ಬಿಡಲಿ. ಸಾಧನದೊಳಗೆ ಊದಿದರೆ ಪುಡಿ ಒದ್ದೆಯಾಗಿ ಅಂಟುತ್ತದೆ. ಆಮೇಲೆ ತುಟಿ ಬಿಗಿದು ಜೋರಾಗಿ, ಆಳವಾಗಿ ಎಳೆದು ಹತ್ತು ಎಣಿಸುವವರೆಗೆ ತಡೆಹಿಡಿಯಲಿ. ಒಳಗೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಲಿ. ಸ್ಟೀರಾಯ್ಡ್ ಇರುವುದಾದರೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಕಟ್ಟುತ್ತದೆ. ಜೋರಾಗಿ ಎಳೆಯುವ ಶಕ್ತಿ ತಾತನಿಗೆ ಇಲ್ಲವಾದರೆ ಸ್ಪೇಸರ್ (ಮದ್ದು ಹಿಡಿದಿಡುವ ಟೊಳ್ಳು ಕೊಳವೆ) ಹಾಕಿದ ಪಂಪ್ ಇನ್‌ಹೇಲರ್ ಬರೆದುಕೊಡಲು ಕೇಳಿ. ಅದರಲ್ಲಿ ಎಳೆಯುವುದು ನಿಧಾನವಾಗಿ. ಕ್ಯಾಪ್ಸೂಲ್ ಡಬ್ಬಿಯನ್ನು ನುಂಗುವ ಮಾತ್ರೆಗಳ ಡಬ್ಬಿಯಿಂದ ಬೇರೆ ಕಡೆ, ಸಾಧನದ ಜೊತೆಗೇ ಇಡಿ.